ತರಗತಿಗೆ ರಜೆ ಕೊಟ್ಟರೆ ಬಿಸಿಯೂಟಕ್ಕೂ ರಜೆಯೇ? ಉತ್ತರ ಭಾರತದ ಶೀತ ಅಲೆ ಮತ್ತು ಶಾಲೆ ಮುಚ್ಚುವ ಆದೇಶಗಳು

2024ರ ಜನವರಿಯಲ್ಲಿ ಬಿಹಾರದ ಶಾಲೆಗಳ ಬಾಗಿಲು ತೆರೆಯಬೇಕೇ ಮುಚ್ಚಬೇಕೇ ಎಂಬ ವಿಷಯಕ್ಕೆ ಒಂದೇ ಸರ್ಕಾರದ ಇಬ್ಬರು ಹಿರಿಯ ಅಧಿಕಾರಿಗಳು ಎದುರುಬದುರಾದರು. ಶೀತ ಅಲೆಯ ಕಾರಣ ಕೊಟ್ಟು ಪಟ್ನಾದ ಜಿಲ್ಲಾಧಿಕಾರಿ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮಿನಡಿ ಎಂಟನೇ ತರಗತಿವರೆಗಿನ ಶಾಲೆಗಳನ್ನು ಮುಚ್ಚಿಸಿದ್ದರು. ಶಿಕ್ಷಣ ಇಲಾಖೆಯ ಅಪರ ಮುಖ್ಯ ಕಾರ್ಯದರ್ಶಿ ಇದನ್ನು ಒಪ್ಪಲಿಲ್ಲ. ಕೋಚಿಂಗ್ ಕೇಂದ್ರ, ಸಿನಿಮಾ ಮಂದಿರ, ಮಾರುಕಟ್ಟೆಗಳೆಲ್ಲ ತೆರೆದಿರುವಾಗ ಚಳಿ ಶಾಲೆಗೆ ಮಾತ್ರ ಬರುವುದು ಹೇಗೆ ಎಂಬ ಧಾಟಿಯಲ್ಲಿ ಅವರು ವಿಭಾಗೀಯ ಆಯುಕ್ತರಿಗೆಲ್ಲ ಪತ್ರ ಬರೆದರು. ಇನ್ನು ಮುಂದೆ ಇಲಾಖೆಯ ಅನುಮತಿ ಇಲ್ಲದೆ ಶಾಲೆ ಮುಚ್ಚಕೂಡದು ಎಂದರು. ಜಿಲ್ಲಾಧಿಕಾರಿ ತಮ್ಮ ಆದೇಶವನ್ನು ಹಿಂಪಡೆಯುವ ಬದಲು ಇನ್ನಷ್ಟು ದಿನ ವಿಸ್ತರಿಸಿದರು.

ಪತ್ರಿಕೆಗಳು ಇದನ್ನು ಇಬ್ಬರು ಅಧಿಕಾರಿಗಳ ಹಠವೆಂಬಂತೆ ವರದಿ ಮಾಡಿದವು. ಇಬ್ಬರ ವಾದದಲ್ಲೂ ತಿರುಳಿತ್ತು. 144ನೇ ಕಲಂ ಮನುಷ್ಯರ ಪ್ರಾಣ, ಆರೋಗ್ಯ, ಸುರಕ್ಷತೆಗೆ ಅಪಾಯವಿರುವ ಸಂದರ್ಭಕ್ಕೂ ಅನ್ವಯಿಸುತ್ತಿತ್ತು. ಆರು ವರ್ಷದ ಮಗು ಚಳಿಯಲ್ಲಿ ನಡುಗುತ್ತ ನೆಲದ ಮೇಲೆ ಕೂರುವುದನ್ನು ಅಪಾಯವೆಂದು ಜಿಲ್ಲಾಧಿಕಾರಿ ಭಾವಿಸಿದ್ದರೆ ಅದು ಅತಿರೇಕವಲ್ಲ. ಇತ್ತ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200, ಆರರಿಂದ ಎಂಟಕ್ಕೆ 220 ಶಾಲಾ ದಿನಗಳನ್ನು ಕಡ್ಡಾಯ ಮಾಡಿದೆ. ಎರಡು ಮೂರು ದಿನಗಳ ಕಂತಿನಲ್ಲಿ ರಜೆ ಬೆಳೆಯುತ್ತ ಹೋದರೆ ಆ ಲೆಕ್ಕ ತುಂಬಿಸುವುದು ಹೇಗೆ ಎಂದು ಇಲಾಖೆ ಕೇಳಿದರೆ ಅದೂ ಸರಿಯೇ. ಆದರೆ ಈ ಜಗಳದಲ್ಲಿ ಆ ದಿನಗಳಲ್ಲಿ ಮಕ್ಕಳು ಎಲ್ಲಿದ್ದರು, ಏನು ತಿಂದರು ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಪ್ರಸ್ತುತ ಲೇಖನದ ಕಾಳಜಿ ಆ ಪ್ರಶ್ನೆ. ತೀವ್ರ ಚಳಿಯಲ್ಲಿ ತರಗತಿ ನಿಲ್ಲಿಸುವುದು ಎಷ್ಟೋ ಸಲ ಸರಿಯಾದ ತೀರ್ಮಾನ. ಶಾಲೆಯನ್ನೇ ಮುಚ್ಚುವುದು ಉತ್ತರದ ಬಯಲಿನಲ್ಲಿ ಬಹುಮಟ್ಟಿಗೆ ತಪ್ಪು ತೀರ್ಮಾನ ಎಂಬುದು ನನ್ನ ವಾದ.

ಬಯಲಿನ ಚಳಿಯ ಸ್ವಭಾವ

ಗಂಗಾ ಬಯಲಿನ ಚಳಿಯನ್ನು ದಕ್ಷಿಣದ ಓದುಗರು ಕನಿಷ್ಠ ಉಷ್ಣಾಂಶದ ಅಂಕಿಯಿಂದ ಅಳೆಯುವುದು ವಾಡಿಕೆ. ಹವಾಮಾನ ಇಲಾಖೆಯ ಶೀತ ಅಲೆಯ ವ್ಯಾಖ್ಯೆಯೂ ಅಲ್ಲಿಂದಲೇ ಹೊರಡುತ್ತದೆ: ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆಯಿದ್ದು, ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಇಳಿದರೆ ಶೀತ ಅಲೆ, ಅದಕ್ಕೂ ಹೆಚ್ಚು ಇಳಿದರೆ ತೀವ್ರ ಶೀತ ಅಲೆ. ವಾಡಿಕೆಯ ಹೋಲಿಕೆಯಿಲ್ಲದೆಯೂ 4 ಡಿಗ್ರಿಗೆ ಬಂದರೆ ಶೀತ ಅಲೆ, 2 ಡಿಗ್ರಿಗೆ ಬಂದರೆ ತೀವ್ರ. ಆದರೆ ಕನಿಷ್ಠ ಉಷ್ಣಾಂಶ ದಾಖಲಾಗುವುದು ಸೂರ್ಯ ಹುಟ್ಟುವ ಹೊತ್ತಿಗೆ. ಆಗ ಮಕ್ಕಳು ಹಾಸಿಗೆಯಲ್ಲಿರುತ್ತಾರೆ. ಶಾಲೆಯ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಇಲಾಖೆಯ ಇನ್ನೊಂದು ವರ್ಗ, ಅಂದರೆ ಶೀತದಿನ. ಕನಿಷ್ಠ ಉಷ್ಣಾಂಶ 10 ಡಿಗ್ರಿಯ ಒಳಗಿದ್ದು, ಗರಿಷ್ಠ ಉಷ್ಣಾಂಶವೂ ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಇಳಿದ ದಿನ ಅದು.

ಇದು ಆಗುವ ಬಗೆ ಹೀಗೆ. ಪಶ್ಚಿಮದಿಂದ ಬರುವ ಹವಾಮಾನ ಕ್ಷೋಭೆಯೊಂದು ಮಳೆ, ಹಿಮ ಸುರಿಸಿ ದಾಟಿಹೋದ ಮೇಲೆ ಆಕಾಶ ತಿಳಿಯಾಗುತ್ತದೆ, ಗಾಳಿ ಬೀಳುತ್ತದೆ. ಗೋಧಿಗೆ ನೀರು ಹಾಯಿಸಿದ ಒದ್ದೆ ನೆಲ ರಾತ್ರಿ ಶಾಖ ಕಳೆದುಕೊಂಡು ಮಂಜು ಕಟ್ಟುತ್ತದೆ. ಹಿಮಾಲಯದ ಬುಡದಿಂದ ಬಿಹಾರದವರೆಗೆ ಹಾಸುವ ಈ ಮಂಜು ಒಮ್ಮೊಮ್ಮೆ ನೆಲದಿಂದ ತುಸು ಮೇಲಕ್ಕೆದ್ದು ಮೋಡದ ಹಾಗೆ ಹಗಲೆಲ್ಲ ಕವಿದುಕೊಂಡಿರುತ್ತದೆ. ಬಿಸಿಲು ನೆಲ ಮುಟ್ಟುವುದೇ ಇಲ್ಲ. 2019ರ ಡಿಸೆಂಬರ್ 30ರಂದು ದೆಹಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ ಗರಿಷ್ಠ ಉಷ್ಣಾಂಶ 9.4 ಡಿಗ್ರಿ. ಬೆಂಗಳೂರಿನಲ್ಲಿ ಜನವರಿಯ ಬೆಳಗಿನ ಜಾವಕ್ಕೂ ವಾಡಿಕೆಯಂತೆ ಇದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚೇ ಇರುತ್ತದೆ. ದೆಹಲಿಯಲ್ಲಿ ಅಂದು ನಡುಮಧ್ಯಾಹ್ನದ ಕತೆ ಅದು. ಒಂದು ವರ್ಷ ಕಳೆದು 2021ರ ಜನವರಿ 1ರಂದು ಅದೇ ಕೇಂದ್ರದಲ್ಲಿ ಕನಿಷ್ಠ 1.1 ಡಿಗ್ರಿಗೆ ಇಳಿಯಿತು. ಎರಡೂ ಸುದ್ದಿಯಾದವು. ಶಾಲೆಯ ಕೋಣೆಯಲ್ಲಿ ಕುಳಿತ ಮಗುವಿಗೆ ಹೆಚ್ಚು ಕಷ್ಟ ಕೊಡುವುದು ಮೊದಲನೆಯದು.

ಈ ವ್ಯತ್ಯಾಸವನ್ನು ಗಮನಿಸದೆ ಹೊರಡುವ ಆದೇಶಗಳು ಗುರಿ ತಪ್ಪುತ್ತವೆ. ಶಾಲೆಯನ್ನು ಎಂಟರ ಬದಲು ಹತ್ತಕ್ಕೆ ಆರಂಭಿಸಿ ಎಂಬ ಆದೇಶ ಉತ್ತರದಲ್ಲಿ ಬಹಳ ಸಾಮಾನ್ಯ. ಬಿಸಿಲೇರುವ ದಿನ ಅದು ಒಳ್ಳೆಯ ಉಪಾಯ. ರಾತ್ರಿ ಎಷ್ಟೇ ಕೊರೆದರೂ ಹತ್ತೂವರೆಗೆ ಅಂಗಳದಲ್ಲಿ ಬಿಸಿಲು ಕಾಯಿಸಿಕೊಂಡು ಪಾಠ ಮಾಡಬಹುದು. ಶೀತದಿನದಲ್ಲಿ ಎಂಟಕ್ಕೂ ಹನ್ನೊಂದಕ್ಕೂ ಉಷ್ಣಾಂಶದಲ್ಲಿ ಹೇಳಿಕೊಳ್ಳುವ ಅಂತರವಿರುವುದಿಲ್ಲ. ಸಮಯ ಬದಲಿಸಿದ್ದರಿಂದ ಮಂಜಿನ ರಸ್ತೆಯ ಅಪಾಯ ಕಡಿಮೆಯಾದೀತು, ಕೋಣೆಯ ಚಳಿ ಕಡಿಮೆಯಾಗದು.

ರಸ್ತೆಯ ಅಪಾಯ, ಕೋಣೆಯ ಅಪಾಯ

2017ರ ಜನವರಿ 19ರ ಬೆಳಿಗ್ಗೆ ಉತ್ತರ ಪ್ರದೇಶದ ಏಟಾ ಜಿಲ್ಲೆಯ ಅಲಿಗಂಜ್ ಬಳಿ ದಟ್ಟ ಮಂಜಿನಲ್ಲಿ ಖಾಸಗಿ ಶಾಲೆಯೊಂದರ ಬಸ್ಸಿಗೂ ಟ್ರಕ್ಕಿಗೂ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಚಳಿಯ ಕಾರಣ ಅಂದು ಶಾಲೆಗಳಿಗೆ ರಜೆ ಕೊಡಬೇಕೆಂದು ಜಿಲ್ಲಾಡಳಿತ ಆದೇಶಿಸಿತ್ತು. ಆ ಶಾಲೆ ಆದೇಶ ಮೀರಿ ತೆರೆದಿತ್ತು. ರಜೆಯನ್ನು ಮೃದುತನವೆಂದು ಹೀಗಳೆಯುವವರು ಈ ಒಂದು ಬೆಳಗನ್ನು ಮರೆಯಕೂಡದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗೋಚರತೆ 200 ಮೀಟರ್‌ಗಿಂತ ಕಡಿಮೆಯಾದರೆ ದಟ್ಟ ಮಂಜು, 50 ಮೀಟರ್‌ಗಿಂತ ಕಡಿಮೆಯಾದರೆ ಅತಿ ದಟ್ಟ. ಐವತ್ತು ಮೀಟರ್ ಮುಂದೆ ಕಾಣದ ರಸ್ತೆಯಲ್ಲಿ ಮಕ್ಕಳ ಬಸ್ಸು ಓಡಿಸಲು ಯಾವ ಪಠ್ಯಕ್ರಮವೂ ಸಮರ್ಥನೆಯಾಗದು.

ಆದರೆ ಈ ಅಪಾಯ ಎಲ್ಲ ಮಕ್ಕಳಿಗೂ ಒಂದೇ ಪ್ರಮಾಣದಲ್ಲಿ ಹಂಚಿಹೋಗಿಲ್ಲ. ಶಿಕ್ಷಣ ಹಕ್ಕು ನಿಯಮಗಳ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆ ಮನೆಯಿಂದ ಒಂದು ಕಿಲೋಮೀಟರ್ ಒಳಗೆ, ಹಿರಿಯ ಪ್ರಾಥಮಿಕ ಮೂರು ಕಿಲೋಮೀಟರ್ ಒಳಗೆ ಇರಬೇಕು. ಸರ್ಕಾರಿ ಶಾಲೆಯ ಮಗು ಸಾಮಾನ್ಯವಾಗಿ ನಡೆದೇ ಬರುತ್ತದೆ, ಅದೂ ಊರೊಳಗಿನ ದಾರಿಯಲ್ಲಿ. ಹೆದ್ದಾರಿಗೆ ಇಳಿಯುವುದು ಬಸ್ಸು, ವ್ಯಾನು, ಆಟೊಗಳಲ್ಲಿ ದೂರದ ಖಾಸಗಿ ಶಾಲೆಗೆ ಹೋಗುವ ಮಗು. ಕೋಣೆಯ ಚಳಿಯ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಬೆಂಚಿಲ್ಲದ ತರಗತಿಯಲ್ಲಿ ಸಿಮೆಂಟು ನೆಲದ ಮೇಲೆ ತೆಳ್ಳನೆಯ ಹಾಸು, ಗಾಜಿಲ್ಲದ ಕಿಟಕಿ, ಕಾಲಿಗೆ ಚಪ್ಪಲಿ. ಸಣ್ಣ ಮಕ್ಕಳ ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು; ಆದ್ದರಿಂದ ಅವರ ಮೈಶಾಖ ಬೇಗ ಸೋರಿಹೋಗುತ್ತದೆ. ಹೊಟ್ಟೆಗೆ ಸಾಲದ, ಮೈಯಲ್ಲಿ ಕೊಬ್ಬಿಲ್ಲದ ಮಗುವಿಗೆ ಇನ್ನೂ ಬೇಗ. ಉತ್ತರ ಪ್ರದೇಶ ಸರ್ಕಾರ ಸಮವಸ್ತ್ರ, ಸ್ವೆಟರು, ಶೂ, ಕಾಲುಚೀಲ, ಚೀಲಕ್ಕೆಂದು ಪೋಷಕರ ಖಾತೆಗೆ 2021ರಿಂದ ನೇರವಾಗಿ ಹಣ ಹಾಕುತ್ತಿದೆ. ಮೊದಲು 1,100 ರೂಪಾಯಿ, ಆಮೇಲೆ 1,200. ಅಷ್ಟೂ ವಸ್ತುಗಳಿಗೆ ಸೇರಿ ಈ ಮೊತ್ತ. ಮೂರು ಮಕ್ಕಳಿರುವ ಕೂಲಿಯ ಮನೆಯಲ್ಲಿ ಅದರಲ್ಲಿ ಸ್ವೆಟರಿಗೆ ಉಳಿಯುವುದು ಎಷ್ಟು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಹೀಗೆ ಒಂದು ಮಗುವಿಗೆ ರಸ್ತೆಯ ಅಪಾಯ, ಇನ್ನೊಂದು ಮಗುವಿಗೆ ನೆಲದ ಚಳಿಯ ಅಪಾಯ. ಎರಡಕ್ಕೂ ಒಂದೇ ಸಾಲಿನ ಆದೇಶ ಹೊರಡುತ್ತದೆ.

ಮಂಜು, ಹಿಮ, ಅಂಕಗಳು: ಅಮೆರಿಕದ ಎರಡು ಅಧ್ಯಯನಗಳು

ಚಳಿಗಾಲದ ರಜೆಯಿಂದ ಕಲಿಕೆಗೆ ಎಷ್ಟು ನಷ್ಟ? ಈ ಪ್ರಶ್ನೆಯನ್ನು ಅಂಕಿಅಂಶಗಳಿಂದ ಪರೀಕ್ಷಿಸಿದ ಹೆಸರಾಂತ ಅಧ್ಯಯನಗಳು ಅಮೆರಿಕದ ಹಿಮದ ರಾಜ್ಯಗಳವು. ಡೇವ್ ಮಾರ್ಕಾಟ್ ಮತ್ತು ಸ್ಟೀವನ್ ಹೆಮೆಲ್ಟ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಮೇರಿಲ್ಯಾಂಡಿನ ಮೂರು, ಐದು, ಎಂಟನೇ ತರಗತಿಗಳ ಪರೀಕ್ಷಾ ಫಲಿತಾಂಶಗಳನ್ನು ನೋಡಿತು. ಅಲ್ಲಿ ರಾಜ್ಯವ್ಯಾಪಿ ಪರೀಕ್ಷೆ ನಿಗದಿತ ದಿನ ನಡೆಯುತ್ತದೆ. ಹಿಮದಿಂದ ಕಳೆದ ದಿನಗಳನ್ನು ತುಂಬಿಸಿಕೊಡುವುದು ಪರೀಕ್ಷೆ ಮುಗಿದ ಮೇಲೆ. ಹಾಗಾಗಿ ಹೆಚ್ಚು ಹಿಮ ಬಿದ್ದ ವರ್ಷ ಮಕ್ಕಳು ಕಡಿಮೆ ಪಾಠ ಕೇಳಿ ಪರೀಕ್ಷೆಗೆ ಕೂರುತ್ತಾರೆ. ಸರಾಸರಿ ಐದು ದಿನ ಶಾಲೆ ಮುಚ್ಚಿದ ವರ್ಷಗಳಲ್ಲಿ ತೃಪ್ತಿಕರ ಮಟ್ಟ ಮುಟ್ಟಿದ ಮೂರನೇ ತರಗತಿಯ ಮಕ್ಕಳ ಸಂಖ್ಯೆ, ಒಂದು ದಿನವೂ ಮುಚ್ಚದ ವರ್ಷಗಳಿಗಿಂತ ಸುಮಾರು ಶೇ 3ರಷ್ಟು ಕಡಿಮೆಯಿತ್ತು. ದೊಡ್ಡ ತರಗತಿಗಳಲ್ಲಿ ಪರಿಣಾಮ ಇನ್ನೂ ಸಣ್ಣದು.

2014ರಲ್ಲಿ ಜೋಶುವಾ ಗುಡ್‌ಮನ್ ಮ್ಯಾಸಚೂಸೆಟ್ಸ್‌ನ ದಾಖಲೆಗಳನ್ನಿಟ್ಟುಕೊಂಡು ಬೇರೆಯೇ ತೀರ್ಮಾನಕ್ಕೆ ಬಂದರು. ಅವರ ಬಳಿ ಶಾಲೆ ಮುಚ್ಚಿದ ದಿನಗಳ ಜೊತೆಗೆ ಪ್ರತಿ ಮಗುವಿನ ಗೈರುಹಾಜರಿಯ ವಿವರವೂ ಇತ್ತು. ಭಾರೀ ಹಿಮ ಬಿದ್ದಾಗ ಶಾಲೆ ಮುಚ್ಚುತ್ತದೆ. ಮಧ್ಯಮ ಹಿಮ ಬಿದ್ದಾಗ ಶಾಲೆ ತೆರೆದಿರುತ್ತದೆ, ಆದರೆ ಹಲವು ಮಕ್ಕಳು ಬರುವುದಿಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡಿದಾಗ ಶಾಲೆ ಮುಚ್ಚಿದ್ದರಿಂದ ಅಂಕಗಳ ಮೇಲೆ ಪರಿಣಾಮ ಕಾಣಲಿಲ್ಲ, ಗೈರುಹಾಜರಿಯಿಂದ ಕಂಡಿತು. ಕಾರಣ ಶಿಕ್ಷಕರಿಗೆಲ್ಲ ಗೊತ್ತಿರುವಂಥದ್ದು. ಎಲ್ಲರಿಗೂ ಒಂದು ದಿನ ಪಾಠ ತಪ್ಪಿದರೆ ಮರುದಿನ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಬಹುದು. ಅರ್ಧ ತರಗತಿಗೆ ತಪ್ಪಿದರೆ ಬಂದವರಿಗೆ ಮತ್ತೆ ಅದೇ ಪಾಠ, ಬಾರದವರಿಗೆ ಅರೆಬರೆ ಪಾಠ. ಇಬ್ಬರ ಹೊತ್ತೂ ಹಾಳು.

ಮಕ್ಕಳು ಬರಲಾಗದ ದಿನ ಹಠಕ್ಕೆ ಬಿದ್ದು ತರಗತಿ ನಡೆಸುವುದರಿಂದ ಕಲಿಕೆ ಉಳಿಯುವುದಿಲ್ಲ ಎಂಬಷ್ಟನ್ನು ಈ ಅಧ್ಯಯನದಿಂದ ಧೈರ್ಯವಾಗಿ ತೆಗೆದುಕೊಳ್ಳಬಹುದು. ಅದರಾಚೆಗೆ ಬಾಸ್ಟನ್ನಿನ ಫಲಿತಾಂಶವನ್ನು ಉತ್ತರ ಪ್ರದೇಶದ ಬಾರಾಬಂಕಿಗೆ ತಂದು ಕೂರಿಸಲಾಗದು. ಮ್ಯಾಸಚೂಸೆಟ್ಸ್‌ನಲ್ಲಿ ಹಿಮದ ರಜೆ ಒಂದೆರಡು ದಿನದ್ದು. ಉತ್ತರ ಪ್ರದೇಶ, ಬಿಹಾರಗಳಲ್ಲಿ ಆದೇಶದ ಮೇಲೆ ಆದೇಶ ಸೇರಿ ವಾರಗಟ್ಟಲೆ ನಡೆಯುವುದುಂಟು. ಆಗ ಎಲ್ಲಿ ನಿಂತಿತ್ತೋ ಅಲ್ಲಿಂದ ಎಂಬ ಮಾತು ನಡೆಯುವುದಿಲ್ಲ, ಆಗತಾನೆ ಅಕ್ಷರ ಕೂಡಿಸಲು ಕಲಿತ ಮಗು ಮರೆತೇ ಬಿಟ್ಟಿರುತ್ತದೆ. ಎರಡನೆಯ ವ್ಯತ್ಯಾಸ ಇನ್ನೂ ಆಳವಾದದ್ದು. ಅಮೆರಿಕದಲ್ಲಿ ರಜೆ ಕೊಟ್ಟರೆ ಮಗು ಬೆಚ್ಚಗಿರುವ ಮನೆಯಲ್ಲಿ ಉಳಿಯುತ್ತದೆ ಎಂಬುದು ಬಹುತೇಕ ಗೃಹೀತ. ಗಂಗಾ ಬಯಲಿನ ಬಡ ಮನೆ ಶಾಲೆಯಷ್ಟೇ ತಣ್ಣಗಿರುತ್ತದೆ. ಅಲ್ಲಿ ಶಾಖವೆಂದರೆ ಅಂಗಳದ ಸೌದೆ ಬೆಂಕಿ, ಇಲ್ಲವೇ ಬೋರ್ಸಿ ಎಂದು ಬಿಹಾರದವರು ಕರೆಯುವ ಮಣ್ಣಿನ ಕೆಂಡದ ಮಡಕೆ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟುಕೊಂಡು ಮಲಗಿದ ಕುಟುಂಬಗಳು ಕಾರ್ಬನ್ ಮಾನಾಕ್ಸೈಡಿಗೆ ಬಲಿಯಾದ ಸುದ್ದಿ ಪ್ರತಿ ಚಳಿಗಾಲವೂ ಬರುತ್ತದೆ. ತಂದೆತಾಯಿ ಇಬ್ಬರೂ ಕೂಲಿಗೆ ಹೋಗುವ ಮನೆಯಲ್ಲಿ ಮಗುವನ್ನು ಆ ಬೆಂಕಿಯ ಬಳಿ ಬಿಟ್ಟುಹೋಗುವುದು ಶಾಲೆಯಲ್ಲಿ ಕೂರಿಸುವುದಕ್ಕಿಂತ ಸುರಕ್ಷಿತ ಎಂದು ಯಾವ ಆಧಾರದಿಂದ ಹೇಳುವುದು?

ಊಟ

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ನಮ್ಮ ಬಿಸಿಯೂಟದ ಹಿಂದಿರುವುದೂ ಅದೇ ಆದೇಶ. ಈಗಿನ ಮಾನದಂಡದ ಪ್ರಕಾರ ಕಿರಿಯ ಪ್ರಾಥಮಿಕದ ಮಗುವಿಗೆ 450 ಕಿಲೊಕ್ಯಾಲರಿ, 12 ಗ್ರಾಂ ಪ್ರೋಟೀನು. ಹಿರಿಯ ಪ್ರಾಥಮಿಕಕ್ಕೆ 700 ಕಿಲೊಕ್ಯಾಲರಿ, 20 ಗ್ರಾಂ. ಚಳಿಯಲ್ಲಿ ಮೈ ಬೆಚ್ಚಗಿಟ್ಟುಕೊಳ್ಳಲು ದೇಹ ಹೆಚ್ಚು ಶಕ್ತಿ ಸುಡುತ್ತದೆ. ಅಂದರೆ ಆ 450 ಕ್ಯಾಲರಿ ವರ್ಷದಲ್ಲಿ ಅತಿ ಹೆಚ್ಚು ಬೇಕಾದ ವಾರಗಳು ಇವೇ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ 5ನೇ ಕಲಂ ಎಂಟನೇ ತರಗತಿವರೆಗಿನ ಮಕ್ಕಳಿಗೆ ದಿನಕ್ಕೊಂದು ಉಚಿತ ಊಟದ ಹಕ್ಕು ಕೊಟ್ಟಿದೆ, ಶಾಲಾ ರಜಾದಿನಗಳನ್ನು ಬಿಟ್ಟು. 2015ರ ಮಧ್ಯಾಹ್ನದ ಊಟದ ನಿಯಮಗಳು ಶಾಲಾ ದಿನದಲ್ಲಿ ಊಟ ತಪ್ಪಿದರೆ ಧಾನ್ಯ ಮತ್ತು ಅಡುಗೆ ವೆಚ್ಚವನ್ನು ಆಹಾರ ಭದ್ರತಾ ಭತ್ಯೆಯಾಗಿ ಕೊಡಬೇಕೆನ್ನುತ್ತವೆ. ಜಿಲ್ಲಾಧಿಕಾರಿಯ ಕಚೇರಿಯಿಂದ ರಜೆಯ ಆದೇಶ ಹೊರಬಿದ್ದ ಗಳಿಗೆಯಲ್ಲಿ ಆ ದಿನ ಶಾಲಾ ದಿನವಾಗಿ ಉಳಿಯುವುದಿಲ್ಲ ಎಂದು ಓದಿಕೊಂಡರೆ, ಊಟವೂ ಇಲ್ಲ, ಭತ್ಯೆಯೂ ಇಲ್ಲ. ದಸರಾ, ಬೇಸಿಗೆ ರಜೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾತು ವಿಕೋಪದ ದಿನಕ್ಕೂ ಅನ್ವಯವಾದರೆ ಕಾಯಿದೆಯ ಉದ್ದೇಶವೇ ಸೋಲುತ್ತದೆ. ಚಳಿಯ ಅಲೆ 2012ರಿಂದ ಕೇಂದ್ರ ಸರ್ಕಾರದ ವಿಕೋಪಗಳ ಪಟ್ಟಿಯಲ್ಲೂ ಇದೆ. ವಿಕೋಪ ಬಂದಾಗ ಪರಿಹಾರ ಹೆಚ್ಚಬೇಕು, ಇದ್ದ ಊಟ ತಪ್ಪಬಾರದು.

ಬೇರೆ ದಾರಿ ಇದೆ ಎಂಬುದು ಈಗಾಗಲೇ ಸಾಬೀತಾಗಿದೆ. ಕೋವಿಡ್‌ಗಾಗಿ ಶಾಲೆ ಮುಚ್ಚತೊಡಗಿದಾಗ 2020ರ ಮಾರ್ಚ್ 18ರಂದು ಸುಪ್ರೀಂ ಕೋರ್ಟು ಮಕ್ಕಳ ಊಟದ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಬಿಸಿ ಊಟವನ್ನಾದರೂ ಕೊಡಿ, ಇಲ್ಲವೇ ಭತ್ಯೆ ಕೊಡಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆಯಿತು. ಅಕ್ಕಿ, ಗೋಧಿ, ಬೇಳೆ ಮನೆಗೆ ಹೋದವು. ಅಷ್ಟು ದೊಡ್ಡ ಮುಚ್ಚುಗಡೆಯಲ್ಲಿ ಆದದ್ದು ಹತ್ತು ದಿನದ ಚಳಿಗೆ ಆಗದೆ ಏನು?

ಶೀತ ಅಲೆಯ ಎಷ್ಟೋ ಆದೇಶಗಳಲ್ಲಿ ರಜೆ ಮಕ್ಕಳಿಗೆ ಮಾತ್ರ. ಶಿಕ್ಷಕರು ಬಂದು ಸಹಿ ಹಾಕಬೇಕು. ಅಂದರೆ ಬೀಗ ತೆಗೆದಿರುತ್ತದೆ, ಮುಖ್ಯ ಶಿಕ್ಷಕರಿರುತ್ತಾರೆ, ದಾಸ್ತಾನು ಕೋಣೆಯಲ್ಲಿ ಧಾನ್ಯ ಇರುತ್ತದೆ. ಒಲೆ ಮಾತ್ರ ಹೊತ್ತಿರುವುದಿಲ್ಲ. ಪಾಠಕ್ಕೆ ಬರಲಾಗದ ಚಳಿಯಲ್ಲಿ ಊಟಕ್ಕೆ ಬರುವುದು ಹೇಗೆ ಎಂದು ಕೇಳಬಹುದು. ನಾಲ್ಕೈದು ಗಂಟೆ ನೆಲದ ಮೇಲೆ ಕೂರುವುದಕ್ಕೂ, ಮಧ್ಯಾಹ್ನ ಹನ್ನೆರಡಕ್ಕೆ ಊರೊಳಗಿನ ಒಂದು ಕಿಲೋಮೀಟರ್ ನಡೆದು ಬಿಸಿ ಬಿಸಿ ಖಿಚಡಿ ಉಂಡು ಹೋಗುವುದಕ್ಕೂ ವ್ಯತ್ಯಾಸವಿದೆ. ಅದೂ ಆಗದಷ್ಟು ಕೆಟ್ಟ ದಿನ ಧಾನ್ಯ ಮನೆಗೆ ಹೋಗಲಿ. ಜಿಲ್ಲಾಡಳಿತ ಹೇಗೂ ಚೌಕಗಳಲ್ಲಿ ಸೌದೆ ಹಾಕಿಸಿ ಅಲಾವ್ ಎಂಬ ಬಯಲು ಬೆಂಕಿ ಹೊತ್ತಿಸುತ್ತದೆ. ಅವುಗಳಲ್ಲಿ ಒಂದು ಶಾಲೆಯ ಅಂಗಳದಲ್ಲಿ ಹೊತ್ತಿಕೊಂಡರೆ ಮಕ್ಕಳು ಶಿಕ್ಷಕರ ಕಣ್ಣೆದುರಿಗೆ, ತೆರೆದ ಗಾಳಿಯಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾರೆ. ಅಡುಗೆಯವರ ಮಾತನ್ನೂ ಇಲ್ಲಿ ಸೇರಿಸಬೇಕು. 2009ರಲ್ಲಿ ಕೇಂದ್ರ ನಿಗದಿ ಮಾಡಿದ ಅವರ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ರಾಜ್ಯಗಳು ಮೇಲೆ ಒಂದಿಷ್ಟು ಸೇರಿಸುತ್ತವೆ. ಮಂಜಿನಲ್ಲಿ ಬೇಗ ಎದ್ದು ಬರುವಂತೆ ಈ ಹೆಂಗಸರನ್ನು ಕೇಳುವವರು ಅವರಿಗೆ ಹೆಚ್ಚುವರಿ ಭತ್ಯೆ ಕೊಡಬೇಕು.

ಯಾವಾಗ, ಯಾರು

ಮುಚ್ಚುವ ತೀರ್ಮಾನಕ್ಕಿಂತ ಅದರ ಹೊತ್ತು ಹೆಚ್ಚು ಜೀವ ತೆಗೆದದ್ದುಂಟು. 1888ರ ಜನವರಿ 12ರಂದು ಅಮೆರಿಕದ ನೆಬ್ರಾಸ್ಕಾ ಮತ್ತು ಡಕೋಟಾ ಪ್ರಾಂತ್ಯದಲ್ಲಿ, ಬೆಳಿಗ್ಗೆ ಹಿತವಾಗಿದ್ದ ಹವೆ ದಿನ ಮುಗಿಯುವುದರೊಳಗೆ ಹಿಮಬಿರುಗಾಳಿಯಾಯಿತು. ಶಾಲೆಯಲ್ಲಿದ್ದ ಮಕ್ಕಳಲ್ಲಿ ಹಲವರು ಮನೆಯ ದಾರಿಯಲ್ಲಿ ಸತ್ತರು. ಚರಿತ್ರೆಯಲ್ಲಿ ಅದಕ್ಕೆ ಮಕ್ಕಳ ಹಿಮಬಿರುಗಾಳಿ ಎಂದೇ ಹೆಸರು. 2014ರ ಜನವರಿ 28ರಂದು ಅಟ್ಲಾಂಟಾದಲ್ಲಿ ಬಿದ್ದದ್ದು ಕೇವಲ ಐದಾರು ಸೆಂಟಿಮೀಟರ್ ಹಿಮ. ಶಾಲೆ, ಕಚೇರಿಗಳನ್ನೆಲ್ಲ ಒಟ್ಟಿಗೆ ಬಿಟ್ಟಿದ್ದರಿಂದ ರಸ್ತೆಗಳು ಕಟ್ಟಿಹೋಗಿ, ಸಾವಿರಾರು ಮಕ್ಕಳು ಆ ರಾತ್ರಿ ಶಾಲೆಯಲ್ಲೇ ಕಳೆದರು. ಅದೇ ತಿಂಗಳ 6ರಂದು ಮಿನ್ನೆಸೋಟಾದಲ್ಲಿ ರಾಜ್ಯಪಾಲ ಮಾರ್ಕ್ ಡೇಟನ್ ಇಡೀ ರಾಜ್ಯದ ಶಾಲೆಗಳನ್ನು ಮುಚ್ಚಿಸಿದ್ದರು. ಆ ತೀರ್ಮಾನವನ್ನು ದಿನಗಳ ಮೊದಲೇ ಪ್ರಕಟಿಸಿದ್ದರಿಂದ ಪೋಷಕರಿಗೆ ಸಿದ್ಧತೆಗೆ ಹೊತ್ತಿತ್ತು.

ನಮ್ಮ ಹವಾಮಾನ ಇಲಾಖೆಯೂ ಶೀತ ಅಲೆ, ಶೀತದಿನ, ಮಂಜುಗಳಿಗೆ ಬಣ್ಣದ ಸಂಕೇತಗಳಲ್ಲಿ ಐದು ದಿನ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ಹಾಗಿದ್ದೂ ರಾತ್ರಿ ಹತ್ತಕ್ಕೆ ವಾಟ್ಸ್ಆ್ಯಪ್‌ನಲ್ಲಿ ಆದೇಶ ಬರುವುದು ಇದೆ. ಮೊಬೈಲ್ ಇಲ್ಲದ ಮನೆಯ ಮಗು ಬೆಳಿಗ್ಗೆ ಶಾಲೆಗೆ ನಡೆದು ಬಂದು ವಾಪಸು ಹೋಗುತ್ತದೆ. ಮಳೆಗಾಲದ ಜುಲೈನಲ್ಲಿ ಕೊಡಗು, ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಪೋಷಕರಿಗೆ ಇದೇನೂ ಹೊಸದಲ್ಲ. ಅಲ್ಲಿಯೂ ರಜೆ ಕೊಡುವವರು ಜಿಲ್ಲಾಧಿಕಾರಿಗಳು. ಕಳೆದ ದಿನಗಳನ್ನು ಶನಿವಾರದ ಮಧ್ಯಾಹ್ನಗಳಲ್ಲಿ ತುಂಬಿಸಲಾಗುತ್ತದೆ. ಹೊಳೆ ದಾಟಿ ಬರುವ ಮಗುವಿಗೂ ಪೇಟೆಯ ಮಗುವಿಗೂ ಒಂದೇ ಆದೇಶ ಸಲ್ಲದು ಎಂದು ತಾಲ್ಲೂಕು ಮಟ್ಟದಲ್ಲಿ ರಜೆ ತೀರ್ಮಾನಿಸುವ ಪದ್ಧತಿಯೂ ಅಲ್ಲಿ ಬೆಳೆದಿದೆ. ಇದು ಉತ್ತರಕ್ಕೆ ಕೊಂಡೊಯ್ಯಬೇಕಾದ ಅನುಭವ.

ಬೆಟ್ಟದ ರಾಜ್ಯಗಳು ಈ ಸಮಸ್ಯೆಯನ್ನು ಆದೇಶದಿಂದಲ್ಲ, ಕ್ಯಾಲೆಂಡರಿನಿಂದ ಬಗೆಹರಿಸಿಕೊಂಡಿವೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್ ಎಂಬ ಕಡುಚಳಿಯ ಕಾಲ. ಶಾಲೆಗಳಿಗೆ ದೀರ್ಘ ಚಳಿಗಾಲದ ರಜೆ ಮೊದಲೇ ನಿಗದಿ. ಹಿಮಾಚಲದಲ್ಲಿ ಚಳಿಗೆ ಮುಚ್ಚುವ ಶಾಲೆಗಳು, ಬೇಸಿಗೆಗೆ ಮುಚ್ಚುವ ಶಾಲೆಗಳು ಎಂದೇ ವಿಂಗಡಣೆ ಇದೆ. ಶೈಕ್ಷಣಿಕ ವರ್ಷವೇ ಅದಕ್ಕೆ ಹೊಂದಿಕೊಂಡಿರುವುದರಿಂದ ಪಾಠದ ದಿನಗಳು ಕಳೆಯುವುದಿಲ್ಲ. ಬಯಲಿನ ರಾಜ್ಯಗಳೂ ಜನವರಿಯ ಮೊದಲ ಎರಡು ವಾರಗಳನ್ನು ಹೀಗೆ ತೆಗೆದಿಡಬಹುದು. ಆದರೆ ಬಯಲಿನಲ್ಲಿ ಚಳಿ ಒಂದು ವರ್ಷ ಡಿಸೆಂಬರ್ ಕೊನೆಗೆ, ಇನ್ನೊಂದು ವರ್ಷ ಜನವರಿ ಮೂರನೇ ವಾರಕ್ಕೆ ಬರುತ್ತದೆ. ಕ್ಯಾಲೆಂಡರ್ ಅರ್ಧ ಹೊರೆ ಇಳಿಸೀತು. ಉಳಿದದ್ದಕ್ಕೆ ಆದೇಶ ಬೇಕೇ ಬೇಕು.

ಆ ಆದೇಶ ಮೂರು ಭಾಗದಲ್ಲಿರಬೇಕು ಎಂಬುದು ಇಲ್ಲಿನ ಚರ್ಚೆಯಿಂದ ಹೊರಡುವ ಸಲಹೆ. ಮಂಜಿಗೆ ಸಂಬಂಧಿಸಿದಂತೆ ಶಾಲಾ ವಾಹನಗಳ ಸಂಚಾರ ಇಂತಿಷ್ಟು ಗಂಟೆವರೆಗೆ ನಿಷೇಧ, ಮೀರಿದ ಶಾಲೆಯ ಮೇಲೆ ಕ್ರಮ. ಶೀತದಿನದ ಎಚ್ಚರಿಕೆ ಇದ್ದರೆ ಸಣ್ಣ ತರಗತಿಗಳ ಪಾಠ ಬಂದ್. ಮೂರನೆಯದಾಗಿ, ಪಾಠ ಇರಲಿ ಇಲ್ಲದಿರಲಿ, ಊಟ ಅಥವಾ ಭತ್ಯೆ ಕಡ್ಡಾಯ. ಪಟ್ನಾದ ಜಗಳದಲ್ಲಿ ಜಿಲ್ಲಾಧಿಕಾರಿಗೂ ಇಲಾಖೆಗೂ ಪ್ರತ್ಯೇಕ ಕೆಲಸವಿದೆ ಎಂದು ಆಗ ಸ್ಪಷ್ಟವಾಗುತ್ತಿತ್ತು: ರಸ್ತೆ ಮತ್ತು ಆರೋಗ್ಯದ ತುರ್ತು ಮೊದಲನೆಯವರದು, ಕಳೆದ ದಿನಗಳ ಭರ್ತಿ ಮತ್ತು ಒಲೆ ಎರಡನೆಯವರದು. 2024ರ ಜುಲೈ 1ರಿಂದ 144ನೇ ಕಲಮಿನ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಬಂದಿದೆ. ಕಲಮಿನ ಸಂಖ್ಯೆ ಬದಲಾಯಿತು, ಈ ಹಂಚಿಕೆ ಇನ್ನೂ ಆಗಬೇಕಾಗಿದೆ.

ಈ ವಾದವನ್ನು ಪರೀಕ್ಷೆಗೆ ಒಡ್ಡುವುದು ಸಾಧ್ಯ. ಉತ್ತರ ಪ್ರದೇಶದಲ್ಲಿ 2010ರಿಂದ ಶಾಲೆಗಳಿಗೆ ಪ್ರತಿದಿನ ಕರೆ ಹೋಗಿ, ಇಂದು ಎಷ್ಟು ಮಕ್ಕಳು ಉಂಡರು ಎಂಬ ಸಂಖ್ಯೆ ದಾಖಲಾಗುವ ವ್ಯವಸ್ಥೆಯಿದೆ. ಜಿಲ್ಲಾವಾರು ಉಷ್ಣಾಂಶ ಹವಾಮಾನ ಇಲಾಖೆಯ ಬಳಿ, ರಜೆಯ ಆದೇಶಗಳು ಜಿಲ್ಲಾ ಕಚೇರಿಗಳ ಬಳಿ ಇವೆ. ಮೂರನ್ನೂ ಜೋಡಿಸಿದರೆ ಗುಡ್‌ಮನ್ ಮ್ಯಾಸಚೂಸೆಟ್ಸ್‌ನಲ್ಲಿ ಮಾಡಿದ ಕೆಲಸವನ್ನು ಇಲ್ಲಿನ ಮಣ್ಣಿನಲ್ಲೇ ಮಾಡಬಹುದು. ಶಾಲೆ ತೆರೆದಿದ್ದ ಶೀತದಿನಗಳಲ್ಲಿ ಉಂಡ ಮಕ್ಕಳ ಸಂಖ್ಯೆ ಕುಸಿದಿದ್ದರೆ, ಜನರೇ ಮಕ್ಕಳನ್ನು ಮನೆಯಲ್ಲಿಟ್ಟುಕೊಳ್ಳುತ್ತಾರೆ ಎಂದರ್ಥ. ಆಗ ಧಾನ್ಯವನ್ನು ಮನೆಗೆ ಕಳಿಸುವುದೇ ಸರಿಯಾದ ದಾರಿ, ಮಧ್ಯಾಹ್ನದ ಖಿಚಡಿಯ ಸಲಹೆಯನ್ನು ಕೈಬಿಡಬೇಕಾಗುತ್ತದೆ. ಸಂಖ್ಯೆ ಕುಸಿಯದೆ ಉಳಿದಿದ್ದರೆ, ಅಥವಾ ಬಡ ಬ್ಲಾಕುಗಳಲ್ಲಿ ಏರಿದ್ದರೆ, ಒಲೆ ಆರಿಸಿದ ಪ್ರತಿ ಆದೇಶ ಎಷ್ಟು ಮಕ್ಕಳ ಊಟ ತಪ್ಪಿಸಿತು ಎಂಬುದನ್ನು ಜಿಲ್ಲೆ, ದಿನಾಂಕ ಸಮೇತ ಲೆಕ್ಕ ಹಾಕಿ ಹೇಳಬಹುದು.